ಒಲೆಯ ಹೊಗೆಯೂ ಹೆಂಗಸರ ಉಸಿರೂ

ಶ್ವಾಸಕೋಶದ ದೀರ್ಘಕಾಲಿಕ ಅವರೋಧರೋಗವು ಬೀಡಿ ಸಿಗರೇಟುಗಳ ಫಲವೆಂದಷ್ಟೇ ಬಗೆಯುವ ನಮ್ಮ ಜನ, ಬೆಳಕಿಂಡಿಯಿಲ್ಲದ ಅಡುಗೆಮನೆಯಲ್ಲಿ ಹಸಿ ಸೌದೆಯ ಮುಂದೆ ಊದುಗೊಳವೆ ಹಿಡಿದು ಕುಳಿತು, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಮುದ್ದೆಗೆ ಎಸರಿಡುವ ಗೃಹಿಣಿಯನ್ನು ಆ ರೋಗಿಗಳ ಸಾಲಿನಲ್ಲಿ ಕಾಣಲಾರರು. ದಶಕಗಳ ಕಾಲ ಒಳಹೊಕ್ಕ ಆ ಧೂಮವಾದರೋ ಶ್ವಾಸನಾಳಗಳನ್ನು ಉರಿಯೂತದಿಂದ ಸಂಕುಚಿತಗೊಳಿಸಿ, ಗಾಳಿಗೂಡುಗಳ ಭಿತ್ತಿಯನ್ನೇ ಶಿಥಿಲಗೊಳಿಸಬಲ್ಲುದು. ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದೊಡನೆ ಏದುಸಿರು ಬಂದರೆ ಅವಳು ಅದನ್ನು ವಯೋಧರ್ಮವೆಂದುಕೊಳ್ಳುತ್ತಾಳೆ, ಮನೆಯವರು ದಮ್ಮೆನ್ನುತ್ತಾರೆ.

ರೋಗನಿರ್ಣಯಕ್ಕೆ ಸ್ಪೈರೋಮೀಟರಿನ ಪರೀಕ್ಷೆ ಅವಶ್ಯ. ನಾಳಗಳನ್ನು ಹಿಗ್ಗಿಸುವ ಔಷಧ ಕೊಟ್ಟ ಬಳಿಕವೂ, ಬಲವಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಪಾಲು 0.70ಕ್ಕಿಂತ ಕಡಿಮೆಯಿದ್ದರೆ ಅವರೋಧವು ಸಿದ್ಧವಾದಂತೆ. ಈ ಉಪಕರಣ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲೂ, ಅದನ್ನು ನಡೆಸಬಲ್ಲ ಸಿಬ್ಬಂದಿಯೊಡನೆ, ಇರತಕ್ಕದ್ದೆಂಬುದು ನನ್ನ ದೃಢಾಭಿಪ್ರಾಯ. ನಷ್ಟವಾದ ಶ್ವಾಸಕೋಶವನ್ನು ಯಾವ ಮದ್ದೂ ಮರಳಿಸದು. ಆದರೂ ಇನ್‌ಹೇಲರು (ಅದು ಚಟವಾಗುತ್ತದೆಂಬ ಭಯ ನಿರಾಧಾರವಾದುದು), ಫ್ಲೂ ಲಸಿಕೆ, ಕ್ರಮಬದ್ಧ ವ್ಯಾಯಾಮಗಳು ಉಸಿರಾಟದ ಕ್ಲೇಶವನ್ನು ನಿಜವಾಗಿಯೂ ತಗ್ಗಿಸುತ್ತವೆ.

2016ರ ಉಜ್ವಲಾ ಯೋಜನೆ ಗ್ಯಾಸ್ ಸಂಪರ್ಕವನ್ನೇನೋ ಕೊಟ್ಟಿತು. ಆದರೆ ಮುಂದಿನ ಸಿಲಿಂಡರಿಗೆ ಹಣವೊದಗದೆ ಮತ್ತೆ ಸೌದೆಗೆ ಮರಳಿದ ಮನೆಗಳಿಗೆ ಸಹಾಯಧನವನ್ನು ಹೆಚ್ಚಿಸುವುದು, ಆರೋಗ್ಯ ಇಲಾಖೆಯೂ ತನ್ನದೆಂದು ಭಾವಿಸಬೇಕಾದ ಬಾಬತ್ತು.