ಧಾರವಾಡ ಬೈಗುಳವಾದದ್ದು ಹೇಗೆ?

ನಮ್ಮ ಕಡೆ ಯಾರಾದರೂ ಬುಡವಿಲ್ಲದ ಮಾತಾಡಿದರೆ ಥಟ್ಟನೆ ಬರುವ ಉತ್ತರ ಒಂದೇ: "ಇವನ್ನ ಧಾರವಾಡಕ್ಕ ಕಳಸ್ರಲೇ." ಮುದನಾಳದ ಕಟ್ಟೆಯ ಮೇಲೆ, ಯಾದಗಿರಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಶಹಾಪುರ ಸುರಪುರದ ಮದುವೆಮನೆಗಳಲ್ಲಿ ಈ ಮಾತು ಕೇಳುತ್ತಲೇ ಬೆಳೆದವನು ನಾನು. ಧಾರವಾಡ ಬೇಂದ್ರೆಯವರ ಊರು, ಪೇಡೆಯ ಊರು, ನಮ್ಮ ಹುಡುಗರು ಪರೀಕ್ಷೆಗೆ ಓದಲು ಹೋಗುವ ಊರು. ಜಗಳಕ್ಕೆ ನಿಂತಾಗ ಮಾತ್ರ ಇದೆಲ್ಲ ಮರೆತುಹೋಗಿ, 1845ರಲ್ಲಿ ಶುರುವಾದ ಒಂದು ಮಾನಸಿಕ ಆಸ್ಪತ್ರೆಯಷ್ಟೇ ಉಳಿಯುತ್ತದೆ. ಅದರ ಇಂದಿನ ಹೆಸರು ಡಿಮ್ಹಾನ್ಸ್. ಬೆಂಗಳೂರಿನ ಜನ ಇದೇ ಮಾತಿಗೆ ನಿಮ್ಹಾನ್ಸ್ ಹೆಸರು ಹಿಡಿಯುತ್ತಾರೆ.

ಎದೆನೋವು ಬಂದವರು ಕಲಬುರಗಿಯ ಜಯದೇವಕ್ಕೆ ಹೋಗಿಬಂದು, ಎಷ್ಟು ಸ್ಟೆಂಟ್ ಹಾಕಿದರು ಅಂತ ಊರಿಗೆಲ್ಲ ಹೇಳುತ್ತಾರೆ. ಕ್ಯಾನ್ಸರ್ ಆಗಿ ಕಿದ್ವಾಯಿಗೆ ಹೋದವರ ಮನೆಗೆ ಜನ ಹಣ್ಣು ಹಿಡಿದು ಹೋಗುತ್ತಾರೆ. ಮನಸ್ಸಿಗೆ ಮದ್ದು ಕೊಡುವ ಆಸ್ಪತ್ರೆಯ ಹೆಸರನ್ನು ಮಾತ್ರ ನಾವು ಕಲ್ಲಿನಂತೆ ಎತ್ತಿ ಎಸೆಯುತ್ತೇವೆ. ಆ ಕಲ್ಲು ಯಾರಿಗೆ ತಾಗುತ್ತದೆ ಎನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನನ್ನ ಚಿಗವ್ವನಿಗೆ ಎರಡನೆಯ ಹೆರಿಗೆಯಾಗಿ ವಾರ ಕಳೆದಿರಲಿಲ್ಲ, ನಿದ್ದೆ ಹೋಯಿತು. ಕೂಸನ್ನು ಯಾರೋ ಬದಲಿ ಮಾಡಿದ್ದಾರೆ ಅಂತ ರಾತ್ರಿಯೆಲ್ಲ ಬಾಗಿಲು ಕಾಯುತ್ತಾ ಕೂತಳು. ಓಣಿಯ ಹಿರಿಯ ಮುದುಕಿಯೊಬ್ಬಳು ನೋಡಿ, "ಬಾಣಂತಿ ಸನ್ನಿ ಆಗ್ಯಾದ, ದವಾಖಾನಿಗಿ ಒಯ್ರಿ" ಅಂದಳು. ಓದುಬರಹ ಇಲ್ಲದ ಆಕೆಯೊಬ್ಬಳೇ ಅಂದು ಸರಿಯಾದ ಮಾತಾಡಿದವಳು. ಉಳಿದವರು ಗಾಳಿ ಸೋಕ್ಯಾದ ಅಂದರು, ಗಾಣಗಾಪುರಕ್ಕೆ ಕರೆದೊಯ್ಯಲು ಹೇಳಿದರು. ತಿಂಗಳು ದಾಟುವುದರೊಳಗೆ ಆಕೆಗೆ ಹೊಸ ಹೆಸರೊಂದು ಬಿತ್ತು: ಹುಚ್ಚಿ.

ಈ ಎರಡು ಮಾತಿನ ನಡುವಿನ ಅಂತರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸನ್ನಿ ಜ್ವರದ ಹಾಗೆ ಬರುತ್ತದೆ, ಬಂದದ್ದು ಹೋಗುತ್ತದೆ. ವೈದ್ಯರೂ ಹೇಳುವುದು ಇದನ್ನೇ: ಸಾವಿರ ಹೆರಿಗೆಗೆ ಒಬ್ಬಿಬ್ಬರಲ್ಲಿ ಕಾಣುವ ಕಾಯಿಲೆ, ತಡಮಾಡದೆ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಆದರೆ ಹುಚ್ಚಿ ಎನ್ನುವುದು ಕಾಯಿಲೆಯ ಹೆಸರಲ್ಲ, ಆಕೆಯ ಹೆಸರು. ಮದ್ದು ಕಾಯಿಲೆಯನ್ನು ಇಳಿಸೀತು, ಊರು ಇಟ್ಟ ಹೆಸರನ್ನು ಇಳಿಸುವುದಿಲ್ಲ.

ತ್ರಿವೇಣಿಯವರು ಇದನ್ನು ಅರವತ್ತು ವರ್ಷಗಳ ಹಿಂದೆಯೇ ಕಂಡಿದ್ದರು. ಅವರ 'ಶರಪಂಜರ' ಕಾದಂಬರಿಯನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಕಲ್ಪನಾ ಅಭಿನಯಿಸಿದ ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ನೆರೆಹೊರೆಯ ಪಿಸುಮಾತು, ಅನುಮಾನದ ನೋಟ, ಗಂಡನ ದ್ರೋಹ ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತವೆ. ಆ ಚಿತ್ರ ನೋಡಿ ಅತ್ತ ಕನ್ನಡಿಗರಿಗೆ ಲೆಕ್ಕವಿಲ್ಲ. ಅತ್ತ ನಾವೇ ಮರುದಿನ ಕಟ್ಟೆಯ ಮೇಲೆ ಕೂತು ಧಾರವಾಡದ ಮಾತಾಡಿದ್ದೇವೆ.

ಕಟ್ಟೆಯ ಮಾತನ್ನಾದರೂ ಅರಿಯದೆ ಆಡಿದ್ದು ಎನ್ನಬಹುದು. ಮೈಕಿನ ಮುಂದೆ ನಿಂತು ಎದುರು ಪಕ್ಷದವನನ್ನು ನಿಮ್ಹಾನ್ಸಿಗೆ ಸೇರಿಸಿ ಅನ್ನುವ ರಾಜಕಾರಣಿಗೆ ಆ ರಿಯಾಯಿತಿ ಇಲ್ಲ. ನಮ್ಮ ರಾಜ್ಯದಲ್ಲಿ ಯಾವ ಪಕ್ಷವೂ ಇದಕ್ಕೆ ಹೊರತಲ್ಲ. 2023ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗವೇ ಪಕ್ಷಗಳಿಗೆ ಮಾರ್ಗಸೂಚಿ ಕಳಿಸಿ, ಅಂಗವೈಕಲ್ಯವನ್ನು ಬೈಗುಳವಾಗಿ ಬಳಸಬೇಡಿ ಎಂದಿತು. ನಮ್ಮ ಬೀದಿಯಲ್ಲೂ ದಿನವಿಡೀ ಕೇಳುವ 'ಪಾಗಲ್' ಅದರ ಉದಾಹರಣೆಗಳಲ್ಲಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡಿದೆ. ಅಂಥವರನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸಜೆ ಎಂದು 92ನೆಯ ಕಲಂ ಹೇಳುತ್ತದೆ. ಆದರೆ ರಾಜಕಾರಣಿ ಬೈಯುವುದು ಇನ್ನೊಬ್ಬ ರಾಜಕಾರಣಿಯನ್ನು. ಅವಮಾನ ಆಗುವುದು ಟಿವಿ ಮುಂದೆ ಸುಮ್ಮನೆ ಕೂತ ನನ್ನ ಚಿಗವ್ವನಂಥವರಿಗೆ. ಅವರು ಯಾವ ಠಾಣೆಗೆ ಹೋಗಿ ದೂರು ಕೊಡಬೇಕು?

ಪತ್ರಿಕೆಗಳ ಮೇಲೂ ನನಗೆ ಸಿಟ್ಟಿದೆ. ಎಲ್ಲೋ ಕೊಲೆಯಾಗುತ್ತದೆ, ಯಾರೋ ಮೂರ್ತಿಗೆ ಕಲ್ಲು ಹೊಡೆಯುತ್ತಾರೆ. ವೈದ್ಯರು ನೋಡುವ ಮೊದಲೇ ಶೀರ್ಷಿಕೆ ಸಿದ್ಧ: 'ಮಾನಸಿಕ ಅಸ್ವಸ್ಥನ ಕೃತ್ಯ'. ಹುಚ್ಚ ಎನ್ನುವ ಪದ ಬಿಟ್ಟು ಮೆತ್ತನೆಯ ಪದ ಹಿಡಿದಿದ್ದೇವೆ ಅಂತ ಸಂಪಾದಕರಿಗೆ ಸಮಾಧಾನ ಇರಬಹುದು. ಮೆತ್ತನೆಯ ಪದದಲ್ಲೂ ಅದೇ ತೀರ್ಪು ಕೂತಿದೆ. ಮನಸ್ಸಿನ ಕಾಯಿಲೆ ಇರುವವರು ಹೊಡೆಯುವುದಕ್ಕಿಂತ ಹೊಡೆತ ತಿನ್ನುವುದೇ ಹೆಚ್ಚು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಅಂಥವರನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಜನ ಓಡಲಾಗದೆ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಕಾಲೇಜು ಹುಡುಗರ ಮಾತು ಬೇರೆ ದಾರಿ ಹಿಡಿದಿದೆ. ಆರ್‌ಸಿಬಿ ಸೋತ ರಾತ್ರಿ ಎಲ್ಲರಿಗೂ ಡಿಪ್ರೆಶನ್. ಪುಸ್ತಕ ನೆಟ್ಟಗೆ ಜೋಡಿಸಿಟ್ಟವನಿಗೆ ಓಸಿಡಿ. ಬೆಳಿಗ್ಗೆ ನಕ್ಕು ಸಂಜೆ ಮುನಿಸಿಕೊಂಡವಳು ಬೈಪೋಲಾರ್. ಇದರಲ್ಲಿ ದ್ವೇಷವಿಲ್ಲ, ಒಪ್ಪುತ್ತೇನೆ. ಕೆಲವರು, ಹೆಸರಾದರೂ ಬಾಯಿಗೆ ಬಂತಲ್ಲ, ನಾಚಿಕೆ ಹೋಗುತ್ತದೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೇ ಕೊನೆ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಕ್ಕಳು ಎಷ್ಟೋ ಜನ ಇಲ್ಲಿದ್ದಾರೆ. ಅಂಥ ಹುಡುಗನೊಬ್ಬ ಊಟ ಬಿಟ್ಟು, ನಿದ್ದೆ ಬಿಟ್ಟು, ಕೊನೆಗೊಮ್ಮೆ ಧೈರ್ಯ ಮಾಡಿ "ನನಗ ಡಿಪ್ರೆಶನ್ ಆಗ್ಯಾದ ಅನ್ನಸ್ತದ" ಅಂದರೆ ಗೆಳೆಯರು ಕೇಳುವುದು, "ಯಾಕ, ಮ್ಯಾಚ್ ಸೋತೀವೇನು?" ಅವನ ಹತ್ತಿರ ಇದ್ದದ್ದು ಆ ಒಂದೇ ಪದ. ಅದನ್ನೂ ಉಳಿದವರು ಸವೆಸಿಬಿಟ್ಟಿದ್ದಾರೆ.

ಹಾಗಾದರೆ ಹುಚ್ಚು ಎಂಬ ಪದವನ್ನೇ ಕನ್ನಡದಿಂದ ಕಿತ್ತುಹಾಕಬೇಕೇ ಎಂದು ಸಾಹಿತ್ಯದ ಗೆಳೆಯರೊಬ್ಬರು ನನ್ನನ್ನು ಕೇಳಿದರು. ಬೇಡ. ಓದಿನ ಹುಚ್ಚು, ಬಯಲಾಟದ ಹುಚ್ಚು, ಹುಚ್ಚುಹೊಳೆ ಇರಲಿ. ಆ ಮಾತುಗಳಿಂದ ಯಾರ ಮಗಳ ಮದುವೆಯೂ ನಿಂತಿಲ್ಲ. ನಾನು ಕೇಳುವುದು ಇಷ್ಟೇ: ಮನುಷ್ಯರಿಗೆ ಅದನ್ನು ಹೆಸರಾಗಿ ಇಡಬೇಡಿ, ಆಸ್ಪತ್ರೆಯನ್ನು ಬೈಗುಳ ಮಾಡಬೇಡಿ.

ಏಕೆಂದರೆ ಆಸ್ಪತ್ರೆ ಈಗ ಧಾರವಾಡದಷ್ಟು ದೂರ ಇಲ್ಲ. ಹಳ್ಳಿಯ ಸರ್ಕಾರಿ ದವಾಖಾನೆಯಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡಬಹುದು ಎಂದು ನಿಮ್ಹಾನ್ಸ್ ವೈದ್ಯರು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮದೇ ಭಾಗದ ಬಳ್ಳಾರಿಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ವ್ಯವಸ್ಥೆ ಆಯಿತು. ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಿದರೆ ಕನ್ನಡದಲ್ಲೇ ಮಾತಾಡಬಹುದು. ಆದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92. ವೈದ್ಯರ ಕೊರತೆ, ಬಡತನ, ದೂರ ಎಲ್ಲ ನಿಜ. ಬಾಗಿಲ ತನಕ ಬಂದವರನ್ನು ಹಿಂದಕ್ಕೆ ಕಳಿಸುತ್ತಿರುವುದು ನಮ್ಮ ನಾಲಗೆ.

ಚಿಗವ್ವ ಗುಣವಾಗಿ ವರ್ಷಗಳಾದವು. ಆ ಕೂಸಿಗೇ ಈಗ ಮದುವೆಯ ಮಾತು ನಡೆದಿದೆ. ಚಿಗವ್ವ ದಿನಕ್ಕೊಂದು ಗುಳಿಗೆ ಇನ್ನೂ ನುಂಗಬೇಕು. ಗುಳಿಗೆ ತರಲು ಹೊರಟಾಗ ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆ ಅಂತ ಕೇಳಿದರೆ ಆಕೆಯ ಉತ್ತರ ಸಿದ್ಧವಿರುತ್ತದೆ: "ಶುಗರ್ ಅದ ನೋಡ್ರಿ, ದವಾಖಾನಿಗಿ ಹೊಂಟೀನಿ." ಆಕೆಗೆ ಶುಗರ್ ಇಲ್ಲ.