ಮೊಟ್ಟೆಗೆ ಮಡಿ, ಹಸಿವಿಗೆ ರಜೆ

ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು 2013ರ ಆಗಸ್ಟ್‌ನಿಂದ ಹಾಲು ಕುಡಿಯುತ್ತಿದ್ದಾರೆ. ಆ ಕ್ಷೀರಭಾಗ್ಯ ಯೋಜನೆಗೆ ಯಾರೂ ಅಡ್ಡ ಬರಲಿಲ್ಲ. 2024ರಲ್ಲಿ ರಾಗಿ ಮಾಲ್ಟ್ ಬಂತು, ಅದಕ್ಕೂ ತಕರಾರಿಲ್ಲ. ಮೊಟ್ಟೆಯ ಮಾತೆತ್ತಿದರೆ ಮಾತ್ರ ರಾಜ್ಯಕ್ಕೆ ರಾಜ್ಯವೇ ಮೈಮೇಲೆ ಬಂದಂತೆ ಆಡುತ್ತದೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಲಿಂಗಾಯತ ಮತ್ತು ಜೈನ ಸ್ವಾಮೀಜಿಗಳು ಹೋರಾಟದ ಎಚ್ಚರಿಕೆ ಕೊಟ್ಟರು. ಶಾಲೆಗಳು ಮಿಲಿಟರಿ ಹೋಟೆಲ್ ಆಗುತ್ತವೆ ಎಂಬ ಮಾತೂ ಹುಟ್ಟಿಕೊಂಡಿತು. ಅದಕ್ಕೆ ತಕ್ಕ ಉತ್ತರ ಬಂದದ್ದು ವಿಧಾನಸೌಧದಿಂದ ಅಲ್ಲ, ಗಂಗಾವತಿಯ ಒಬ್ಬ ಶಾಲಾ ಹುಡುಗಿಯಿಂದ. ನಮಗೆ ಮೊಟ್ಟೆ ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂದು ಅವಳು ಕ್ಯಾಮೆರಾ ಎದುರು ಹೇಳಿಬಿಟ್ಟಳು. ಮರುವರ್ಷ, 2022ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯ ಸಿದ್ಧಪಡಿಸಿದ ಒಂದು ನಿಲುವು ಪತ್ರ ಹೊಸ ವಾದವನ್ನೇ ಹೂಡಿತು. ಭಾರತೀಯರದು ಸಣ್ಣ ದೇಹ, ಮೊಟ್ಟೆ ಮಾಂಸ ನಿತ್ಯ ತಿಂದರೆ ಜೀವನಶೈಲಿಯ ಕಾಯಿಲೆಗಳು ಬರುತ್ತವೆ ಎಂದಿತು ಅದು. ದೇಹ ಯಾಕೆ ಸಣ್ಣದಾಯಿತು ಎಂದು ಮಾತ್ರ ಆ ಪತ್ರ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳಬೇಕಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 32.9 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ರಕ್ತಹೀನತೆಯಂತೂ ಹಿಂದಿನ ಸಮೀಕ್ಷೆಯ ಶೇ 60.9ರಿಂದ 65.5ಕ್ಕೆ ಏರಿತ್ತು. ಇಂಥ ರಾಜ್ಯದಲ್ಲಿ ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನಿಗೆ ಪಂಚಾಯಿತಿ ಸೇರುವುದು ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯ.

ಕೊಡಗಿನಲ್ಲಿ, ಅದರಲ್ಲೂ ನಾಗರಹೊಳೆ ಕಾಡಿನ ಅಂಚಿನ ಬಾಳೆಲೆಯಂಥ ಊರಿನಲ್ಲಿ ನಿಂತು ನೋಡಿದರೆ ಈ ಜಗಳ ಯಾರದೋ ಮನೆಯದು ಅನ್ನಿಸುತ್ತದೆ. ಪಂದಿಕರಿಯಿಲ್ಲದೆ ಮದುವೆ ಮುಗಿಯದ ನಾಡಿದು. ಮೊಟ್ಟೆ ಕಂಡು ಮೂಗು ಮುಚ್ಚಿಕೊಳ್ಳುವವರು ಇಲ್ಲಿ ಅಪರೂಪ. ಹಾಗೆಂದು ಸಾಹುಕಾರರ ಮನೆಯ ಪಂದಿಕರಿ ತೋಟದ ಕೂಲಿಗಳ ಲೈನ್ ಮನೆಯ ತಟ್ಟೆಗೆ ಬಂದು ಬೀಳುವುದಿಲ್ಲ. ಈ ಸೀಮೆಯ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಕೂರುವವರಲ್ಲಿ ಹೆಚ್ಚಿನವರು ಎರವ, ಪಣಿಯ, ಜೇನುಕುರುಬ, ಬೆಟ್ಟಕುರುಬರ ಮಕ್ಕಳು, ತೋಟದ ಕೂಲಿಗಳ ಮಕ್ಕಳು. ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದವರ ಮಕ್ಕಳೂ ಆ ಸಾಲಿಗೆ ಸೇರಿದ್ದಾರೆ. ಜೇನುಕುರುಬರು ಒಂದು ಕಾಲಕ್ಕೆ ಕಾಡಿನ ಗೆಣಸು, ಜೇನು, ಕಣಿಲೆ, ಅಣಬೆ, ಏಡಿ, ಸೊಪ್ಪು ತಿಂದು ಬದುಕಿದವರು. 1972ರ ವನ್ಯಜೀವಿ ಕಾಯ್ದೆ ಆ ಉಗ್ರಾಣಕ್ಕೆ ಬೀಗ ಹಾಕಿತು. ಬದಲಿಗೆ ಸಿಕ್ಕಿದ್ದು ಪಡಿತರದ ಅಕ್ಕಿ. ಅಕ್ಕಿ ಹಸಿವು ತಣಿಸುತ್ತದೆ, ಮೂಳೆ ಬೆಳೆಸುವುದಿಲ್ಲ.

ಮೊಟ್ಟೆ ಬೇಡವೆನ್ನುವವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಮನೆಯಲ್ಲಿ ತಿನ್ನದ ಮಗುವಿಗೆ ಶಾಲೆ ತಿನ್ನಿಸಬಾರದು, ನಿಜ. ಆದರೆ ತಿನ್ನಿಸುತ್ತಿರುವವರಾದರೂ ಯಾರು? ಒಲ್ಲದವರಿಗೆ ಬಾಳೆಹಣ್ಣಿನ ಆಯ್ಕೆ ಮೊದಲಿನಿಂದಲೂ ಇತ್ತು. ನಿಜವಾಗಿ ಮೋಸ ಹೋದದ್ದು ಆ ಸಸ್ಯಾಹಾರಿ ಮಗುವೇ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಇರುವುದು ಸುಮಾರು ಒಂದು ಗ್ರಾಂ. ಮೊಟ್ಟೆಯಲ್ಲಿರುವ ಬಿ12 ಜೀವಸತ್ವ ಅದರಲ್ಲಿ ಇಲ್ಲವೇ ಇಲ್ಲ. ಸಸ್ಯಾಹಾರದ ಪರವಾಗಿ ಬೀದಿಗಿಳಿದವರಲ್ಲಿ ಎಷ್ಟು ಮಂದಿ, ನಮ್ಮ ಮಕ್ಕಳಿಗೆ ಮೊಟ್ಟೆಯ ಸಮಕ್ಕೆ ಮೊಸರೋ ಕಾಳೋ ಇನ್ನಷ್ಟು ಕೊಡಿ ಎಂದು ಕೇಳಿದರು? ಅವರ ಹೋರಾಟ ಇನ್ನೊಬ್ಬರ ತಟ್ಟೆಯ ಮೇಲೆಯೇ ಇತ್ತು. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಇದು ವಿಪರೀತಕ್ಕೆ ಹೋಯಿತು. ಶಾಲೆಯ ಪಕ್ಕದಲ್ಲೇ ವೀರಭದ್ರೇಶ್ವರನ ಗುಡಿಯಿದೆ, ಶಾಲೆಯಲ್ಲಿ ಮೊಟ್ಟೆ ಬೇಯಿಸಕೂಡದು ಎಂದು ಪೋಷಕರು ಪಟ್ಟು ಹಿಡಿದರು. 70ಕ್ಕೂ ಹೆಚ್ಚು ಮಕ್ಕಳನ್ನು ಶಾಲೆ ಬಿಡಿಸಿದರು. ಮೊಟ್ಟೆಯ ಹೆಸರಿನಲ್ಲಿ ಒಂದು ಸರ್ಕಾರಿ ಶಾಲೆಯೇ ಬರಿದಾಗುವ ಹಂತಕ್ಕೆ ಬಂತು.

ಇನ್ನು ಸರ್ಕಾರದ ಸರದಿ. ಮೊಟ್ಟೆಯ ಪರ ನಿಂತದ್ದಕ್ಕೆ ಅದು ಬೆನ್ನು ತಟ್ಟಿಕೊಳ್ಳುತ್ತದೆ. ತಮಿಳುನಾಡು 1989ರಲ್ಲೇ ಹದಿನೈದು ದಿನಕ್ಕೊಂದು ಮೊಟ್ಟೆಯಿಂದ ಶುರು ಮಾಡಿ ಶಾಲೆ ನಡೆಯುವ ಪ್ರತಿದಿನಕ್ಕೆ ತಂದು ನಿಲ್ಲಿಸಿದೆ. ಕರ್ನಾಟಕ 2022ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿದಾಗ ಮನಸ್ಸು ಮಾಡಿದ್ದು ವರ್ಷಕ್ಕೆ 46 ದಿನಗಳಿಗೆ ಮಾತ್ರ. 2023ರಲ್ಲಿ ವಾರಕ್ಕೆ ಎರಡಾಯಿತು. ವಾರದ ಆರೂ ದಿನ ಕೊಡಲು ಸಾಧ್ಯವಾದದ್ದು 2024ರಲ್ಲಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ. ಕೊಟ್ಟವರು ದೊಡ್ಡವರೇ, ಅನುಮಾನವಿಲ್ಲ. ಆದರೆ ವಾರದ ಆರು ಮೊಟ್ಟೆಗಳಲ್ಲಿ ನಾಲ್ಕು ದಾನಿಯ ಹಣದ್ದು, ಅದಕ್ಕೂ ಮೂರು ವರ್ಷದ ವಾಯಿದೆ. ಮಕ್ಕಳ ಊಟ ಹಕ್ಕು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿಯಾಗಿದೆ. ಹಕ್ಕನ್ನು ದಾನದ ಬುಟ್ಟಿಯಲ್ಲಿಟ್ಟು ಹಂಚುವ ಸರ್ಕಾರ, ಬುಟ್ಟಿ ಖಾಲಿಯಾದ ಮೇಲೇನು ಎಂಬುದಕ್ಕೆ ಬಜೆಟ್‌ನಲ್ಲಿ ಉತ್ತರ ಬರೆದಿಡಬೇಕು.

ಶಾಲೆಯ ಅಡುಗೆ ಕೋಣೆಯ ಲೆಕ್ಕ ಇನ್ನೂ ಬಿಗಿ. ಒಂದು ಮೊಟ್ಟೆಗೆ ನಿಗದಿಯಾದದ್ದು ಆರು ರೂಪಾಯಿ: ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯುವವರಿಗೆ 30 ಪೈಸೆ. ಬೆಂಗಳೂರಿನ ಕಡತಕ್ಕೆ ಅದು ಸರಿ ಕಂಡಿರಬಹುದು. ಪೇಟೆಯಲ್ಲಿ ಮೊಟ್ಟೆ ಆರೂವರೆ, ಏಳು ರೂಪಾಯಿ ಮುಟ್ಟಿದಾಗ, ಅದನ್ನು ಗೋಣಿಕೊಪ್ಪದಿಂದ ಬಾಳೆಲೆಗೆ ಒಡೆಯದಂತೆ ತರುವ ಬಾಡಿಗೆಯನ್ನೂ ಸೇರಿಸಿದಾಗ, ಉಳಿದದ್ದನ್ನು ಭರಿಸುವುದು ಮುಖ್ಯ ಶಿಕ್ಷಕರ ಜೇಬು. ನಲವತ್ತು ಮಕ್ಕಳ ಶಾಲೆಯಲ್ಲಿ ಮೊಟ್ಟೆಗೆ ಒಂದು ರೂಪಾಯಿ ಕಡಿಮೆ ಬಿದ್ದರೂ ತಿಂಗಳಿಗೆ ಸಾವಿರದ ಹತ್ತಿರ ಆಗುತ್ತದೆ. ಹಳ್ಳಿಯ ಮೇಷ್ಟ್ರ ಸಂಬಳವನ್ನು ಪೌಷ್ಟಿಕ ಯೋಜನೆಯ ಮೀಸಲು ನಿಧಿ ಎಂದು ಯಾವ ಆದೇಶದಲ್ಲೂ ಬರೆದಿಲ್ಲ.

ಇಷ್ಟೆಲ್ಲ ಸರಿಹೋದರೂ ಬಾಳೆಲೆಯ ಮಗುವಿಗೆ ಇನ್ನೊಂದು ಕಂಟಕ ಉಳಿಯುತ್ತದೆ. ಅದರ ಬಗ್ಗೆ ಯಾವ ಮಠವೂ ಮಾತಾಡಿಲ್ಲ, ಯಾವ ಪಕ್ಷವೂ ಮಾತಾಡಿಲ್ಲ. ಅದು ಮಳೆ ರಜೆ. ಜೂನ್‌ನಿಂದ ಆಗಸ್ಟ್‌ವರೆಗೆ ಲಕ್ಷ್ಮಣತೀರ್ಥ ನದಿ ಉಕ್ಕಿ ಗದ್ದೆ ರಸ್ತೆಗಳು ನೀರಿನಡಿ ಹೋದಾಗ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಕೊಡಲೇಬೇಕು, ಮರ ಬೀಳುವ, ಗುಡ್ಡ ಜಾರುವ ಜಿಲ್ಲೆಯಿದು. ಆದರೆ ಅದೇ ಮಳೆಗೆ ತೋಟದ ಕೆಲಸವೂ ನಿಲ್ಲುತ್ತದೆ. ಅಪ್ಪ ಅಮ್ಮನಿಗೆ ಕೂಲಿಯಿಲ್ಲದ ದಿನವೇ ಮಗುವಿಗೆ ಬಿಸಿಯೂಟವೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಮಧ್ಯಾಹ್ನದ ಊಟವನ್ನು ಖಾತರಿಪಡಿಸುವುದು ಶಾಲೆಯ ರಜಾದಿನಗಳನ್ನು ಬಿಟ್ಟು. ಬೇರೆ ಜಿಲ್ಲೆಗಳಿಗೆ ಇದು ಸಣ್ಣ ವಿನಾಯಿತಿ, ಕೊಡಗಿನ ಮಳೆಗಾಲಕ್ಕೆ ದೊಡ್ಡ ತೂತು.

ಮಳೆಗೂ ಹಸಿವಿಗೂ ಇರುವ ನಂಟು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ಬುಡಕಟ್ಟು ಕುಟುಂಬಗಳಿಗೆ ಬೇಳೆ, ಕಾಳು, ಎಣ್ಣೆ, ಬೆಲ್ಲ, ತುಪ್ಪ, ಮೊಟ್ಟೆ ಹಂಚುವ ಯೋಜನೆಯನ್ನು ಮೊದಲು ಮಳೆಗಾಲದ ತಿಂಗಳುಗಳಿಗೆಂದೇ ರೂಪಿಸಿದ್ದು ಅದೇ ಸರ್ಕಾರ. ಆದರೆ ಆ ಕಿಟ್ ಬುಡಕಟ್ಟು ಹಾಡಿಯ ಎಲ್ಲರ ಕೈ ಸೇರಿದರೂ ಪಕ್ಕದ ಲೈನ್ ಮನೆಯ ದಲಿತ ಕೂಲಿಗೆ, ಅಸ್ಸಾಮಿನ ವಲಸಿಗನಿಗೆ ಅದರಲ್ಲಿ ಪಾಲಿಲ್ಲ. ಮಕ್ಕಳು ಮಾತ್ರ ಎಲ್ಲ ಕಡೆಯವರೂ ಒಂದೇ ಶಾಲೆಗೆ ಹೋಗುತ್ತಾರೆ.

ಶಾಲೆ ಮುಚ್ಚಿದ್ದರೂ ಮಕ್ಕಳಿಗೆ ಊಟ ತಲುಪಿಸಿದ ದಾರಿ ರಾಜ್ಯಕ್ಕೆ ಹೊಸತಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿತ್ತು. 2024ರ ಬರದಲ್ಲಿ ಕರ್ನಾಟಕ ಅದನ್ನು ಮಾಡಿಯೂ ತೋರಿಸಿತು. ಕೋವಿಡ್ ಕಾಲದಲ್ಲಿ ಅಕ್ಕಿ ಬೇಳೆ ಮನೆಗೇ ಹೋಯಿತು. ಮಳೆ ಇಲ್ಲದ್ದಕ್ಕೆ ಊಟ ಕೊಡುವ ನಿಯಮ ಇರುವಾಗ ಮಳೆ ಹೆಚ್ಚಾದದ್ದಕ್ಕೆ ಯಾಕಿಲ್ಲ? ಶಿಕ್ಷಣ ಇಲಾಖೆ ಮುಂದಿನ ಜೂನ್‌ಗೆ ಮೊದಲು ಕೊಡಗು ಜಿಲ್ಲೆಗೆ ಒಂದು ಆದೇಶ ಹೊರಡಿಸಲಿ: ಘೋಷಿಸಿದ ಪ್ರತಿ ಮಳೆ ರಜೆಗೂ ಆ ದಿನದ ಅಕ್ಕಿ, ಬೇಳೆ ಮತ್ತು ಮೊಟ್ಟೆ, ಮೊಟ್ಟೆ ಒಲ್ಲದವರಿಗೆ ಅಷ್ಟೇ ಸತ್ವದ ಕಾಳು, ಶಾಲೆ ತೆರೆದ ವಾರದೊಳಗೆ ಮಗುವಿನ ಮನೆ ಸೇರಬೇಕು. ಅದರ ಖರ್ಚು ರಾಜ್ಯದ ಬಜೆಟ್‌ನಿಂದ ಬರಲಿ, ಮೇಷ್ಟ್ರ ಜೇಬಿನಿಂದ ಬೇಡ.