ಅಳೆಯುತ್ತಲೇ ಕಳೆದ ಇಪ್ಪತ್ತು ವರ್ಷ

ಸರ್ಕಾರಿ ಕಡತಗಳ ಪರಿಚಯವಿರುವ ಯಾರಿಗೂ ‘ವಿಷಯವು ಅಧ್ಯಯನದ ಹಂತದಲ್ಲಿದೆ’ ಎಂಬ ವಾಕ್ಯ ಹೊಸದಲ್ಲ. ಸೇವೆಯಲ್ಲಿದ್ದಾಗ ನಾನೂ ಅದನ್ನು ಹಲವು ಬಾರಿ ಬರೆದಿದ್ದೇನೆ. ಕೋಳಿ ಫಾರಂ ಒಂದರ ದುರ್ವಾಸನೆಯ ವಿರುದ್ಧ ಪಕ್ಕದ ಹಳ್ಳಿಯವರು ಕೊಟ್ಟ ಅರ್ಜಿಯ ಮೇಲೆ ಬರೆದದ್ದು ಈಗಲೂ ನೆನಪಿದೆ. ಸ್ಥಳ ಪರಿಶೀಲನೆಗೆ ಹೋದಾಗ ಮೊದಲ ಐದು ನಿಮಿಷ ಕಣ್ಣುರಿದು ನೀರು ಬಂತು. ಅರ್ಧ ಗಂಟೆಯ ಬಳಿಕ ವಾಸನೆಯೇ ತಿಳಿಯಲಿಲ್ಲ. ಅಮೋನಿಯಾಕ್ಕೆ ಮೂಗು ಬಹುಬೇಗ ಒಗ್ಗಿಕೊಳ್ಳುತ್ತದೆ. ‘ನಮಗೇನೂ ವಾಸ್ನೆ ಬರಲ್ಲ ಸಾರ್’ ಎಂದ ಶೆಡ್ಡಿನ ಆಳು ಸುಳ್ಳು ಹೇಳಿರಲಿಲ್ಲ. ಅಳೆಯಲು ನಮ್ಮ ಬಳಿ ಉಪಕರಣವಿರಲಿಲ್ಲ; ಅಳತೆಯಿಲ್ಲದೆ ಆದೇಶ ಹೊರಡಿಸುವ ಧೈರ್ಯವೂ ಇರಲಿಲ್ಲ. ನಾನು ವರ್ಗವಾಗಿ ಹೋಗುವಾಗಲೂ ಆ ಕಡತ ಅಲ್ಲೇ ಇತ್ತು.

ಉಪಕರಣಗಳಿದ್ದ ದೇಶಗಳು ಏನು ಮಾಡಿದವು ಎಂಬುದನ್ನು ನೋಡಿದರೆ, ತೊಡಕು ಉಪಕರಣದ್ದಷ್ಟೇ ಆಗಿರಲಿಲ್ಲ ಎನಿಸುತ್ತದೆ.

ಕೊಟ್ಟಿಗೆಯಿಂದ ಹೊರಬರುವ ಅನಿಲವನ್ನು ಅಳೆಯುವ ತತ್ವ ಸರಳವಾದುದು. ಒಳಗಿನ ಹಾಗೂ ಹೊರಗಿನ ಗಾಳಿಯಲ್ಲಿರುವ ಅನಿಲದ ಸಾಂದ್ರತೆಯ ವ್ಯತ್ಯಾಸವನ್ನು, ಕಟ್ಟಡದಿಂದ ಹೊರಹೋಗುವ ಗಾಳಿಯ ಪ್ರಮಾಣದಿಂದ ಗುಣಿಸಿದರಾಯಿತು. ಕಷ್ಟವಿರುವುದು ಆಚರಣೆಯಲ್ಲಿ. ಫ್ಯಾನುಗಳಿರುವ ಮುಚ್ಚಿದ ಶೆಡ್ಡಿನಲ್ಲಿ ಗಾಳಿಯ ಲೆಕ್ಕ ಸಿಕ್ಕೀತು. ಆದರೆ ಧೂಳು ಹಿಡಿದ ಫ್ಯಾನು ತಯಾರಕರು ಹೇಳಿದಷ್ಟು ಗಾಳಿಯನ್ನು ಎಳೆಯುವುದಿಲ್ಲ. ಬದಿಗೋಡೆ ತೆರೆದಿರುವ ಹಸುವಿನ ಕೊಟ್ಟಿಗೆಯಲ್ಲಂತೂ ಗಾಳಿ ಎತ್ತಲಿಂದ ಎತ್ತ ಹೋಯಿತೆಂದು ಹೇಳುವುದೇ ದುಸ್ತರ. ಅಲ್ಲಿ ಹಸುಗಳ ಉಸಿರಿನ ಇಂಗಾಲದ ಡೈಆಕ್ಸೈಡನ್ನೇ ಮಾನದಂಡವಾಗಿಸಿ ಗಾಳಿಯ ಹರಿವನ್ನು ಅಂದಾಜಿಸುತ್ತಾರೆ. ಮಾದರಿ ಒಯ್ಯುವ ಕೊಳವೆಯ ಗೋಡೆಗೇ ಅಮೋನಿಯಾ ಅಂಟಿಕೊಳ್ಳುವುದು ಇನ್ನೊಂದು ತಲೆನೋವು. ಋತು, ಮೇವು, ಪ್ರಾಣಿಯ ವಯಸ್ಸು ಬದಲಾದಂತೆ ಅಂಕಿಯೂ ಬದಲಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ, ಬಳಕೆಯಲ್ಲಿದ್ದ ಅಂದಾಜುಗಳು ನೆಚ್ಚುವಂಥವಲ್ಲ ಎಂದು ಹೇಳಿತು. ಹೀಗಾಗಿ 2005ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಏಜೆನ್ಸಿ ಮೊಟ್ಟೆ, ಮಾಂಸದ ಕೋಳಿ, ಹಾಲು ಮತ್ತು ಹಂದಿ ಉದ್ಯಮಗಳೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಪ್ರತಿ ಫಾರಂ ಅಳತೆಯ ನಿಧಿಗೆ 2,500 ಡಾಲರ್‌ನಷ್ಟು ಹಣ ಮತ್ತು ಒಂದಿಷ್ಟು ದಂಡ ಕಟ್ಟಬೇಕು; ಪ್ರತಿಯಾಗಿ, ಅಳತೆ ಮುಗಿದು ಲೆಕ್ಕಾಚಾರದ ವಿಧಾನ ಸಿದ್ಧವಾಗುವವರೆಗೆ ಏಜೆನ್ಸಿ ಮೊಕದ್ದಮೆ ಹೂಡುವುದಿಲ್ಲ. 13,000ಕ್ಕೂ ಹೆಚ್ಚು ಫಾರಂಗಳು ಇದರ ಆಶ್ರಯ ಪಡೆದವು. ಪರ್ಡ್ಯೂ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2007ರಿಂದ 2010ರವರೆಗೆ ಎರಡು ಡಜನ್‌ನಷ್ಟು ತಾಣಗಳಲ್ಲಿ ಅಳತೆ ನಡೆಯಿತು. ಅದು ಶ್ರದ್ಧೆಯ ಕೆಲಸ. ಅದರ ಬಗ್ಗೆ ನನ್ನ ತಕರಾರಿಲ್ಲ.

ಅಳತೆ ಮುಗಿದ 18 ತಿಂಗಳಲ್ಲಿ ವಿಧಾನವನ್ನು ಪ್ರಕಟಿಸಬೇಕೆಂದಿತ್ತು. 2013ರಲ್ಲಿ ಏಜೆನ್ಸಿಯದೇ ವಿಜ್ಞಾನ ಸಲಹಾ ಮಂಡಳಿ, ಇಷ್ಟು ಕಡಿಮೆ ತಾಣಗಳ ಅಂಕಿಗಳಿಂದ ಇಡೀ ದೇಶದ ಲೆಕ್ಕ ಹಾಕಲಾಗದು ಎಂದಿತು. 2017ರಲ್ಲಿ ಆಂತರಿಕ ತನಿಖಾ ವಿಭಾಗ ಈ ವಿಳಂಬವನ್ನು ಎತ್ತಿ ತೋರಿಸಿತು. ಎಲ್ಲ ವಿಧಾನಗಳ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ಬಂದದ್ದು 2024ರ ನವೆಂಬರ್‌ನಲ್ಲಿ. ಈ ನಡುವೆ ಇನ್ನೊಂದು ಸ್ವಾರಸ್ಯವಿದೆ. ದಿನಕ್ಕೆ 100 ಪೌಂಡ್, ಅಂದರೆ ಸುಮಾರು 45 ಕಿಲೋ ಅಮೋನಿಯಾ ಹೊರಬಿಡುವವರು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮದಿಂದ ಪ್ರಾಣಿತ್ಯಾಜ್ಯದ ಅನಿಲಕ್ಕೆ 2008ರಲ್ಲಿ ಬಹುಮಟ್ಟಿಗೆ ವಿನಾಯಿತಿ ದೊರೆಯಿತು. 2017ರಲ್ಲಿ ನ್ಯಾಯಾಲಯ ಅದನ್ನು ರದ್ದುಗೊಳಿಸಿದರೆ, 2018ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ವಿನಾಯಿತಿಯನ್ನು ಮರಳಿ ಕೊಟ್ಟಿತು. ಅಳತೆ ಪೂರ್ಣಗೊಳ್ಳುವ ಮೊದಲೇ ಅಂಕಿ ಕೇಳುವವರೇ ಇಲ್ಲದಂತಾಯಿತು!

ನೆದರ್ಲೆಂಡ್ಸ್‌ನಲ್ಲಿ ಇದೇ ಅನಿಶ್ಚಿತತೆ ತದ್ವಿರುದ್ಧ ಪರಿಣಾಮ ಬೀರಿತು. ಸಗಣಿಯಲ್ಲಿರುವ ಕಿಣ್ವವೊಂದು ಗಂಜಲದ ಯೂರಿಯಾವನ್ನು ಅಮೋನಿಯಾ ಆಗಿಸುತ್ತದೆ. ಎರಡನ್ನೂ ಬೇಗನೆ ಬೇರ್ಪಡಿಸುವ ವಿಶೇಷ ನೆಲಹಾಸುಗಳಿಗೆ ಅಲ್ಲಿ ಸರ್ಕಾರವೇ ‘ಇಷ್ಟು ಕಡಿಮೆ ಹೊರಸೂಸುವಿಕೆ’ ಎಂಬ ಅಧಿಕೃತ ಅಂಕಿ ನೀಡಿತ್ತು. ಅದನ್ನು ನಂಬಿ ರೈತರು ಸಾಲ ಮಾಡಿ ಕೊಟ್ಟಿಗೆ ಕಟ್ಟಿದರು. 2019ರ ಮೇ 29ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಸಾರಜನಕ ಅನುಮತಿ ವ್ಯವಸ್ಥೆಯನ್ನೇ ತಳ್ಳಿಹಾಕಿತು. ಮನೆ, ರಸ್ತೆ ಸೇರಿದಂತೆ ಸಾವಿರಾರು ಯೋಜನೆಗಳು ನಿಂತವು. ನೆಲಹಾಸುಗಳು ಕಾಗದದಲ್ಲಿದ್ದಷ್ಟು ಚೆನ್ನಾಗಿ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿಲ್ಲವೆಂಬ ಅನುಮಾನ ಬಲವಾದಾಗ, 2022ರ ಸೆಪ್ಟೆಂಬರ್‌ನಲ್ಲಿ ಅವುಗಳ ಅಧಿಕೃತ ಅಂಕಿಯನ್ನೂ ನ್ಯಾಯಾಲಯ ನೆಚ್ಚಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದಿಷ್ಟು: ಗೊತ್ತಿಲ್ಲದಿರುವುದಕ್ಕೂ ಬೆಲೆಯಿದೆ, ಅದನ್ನು ಯಾರಾದರೂ ತೆರಲೇಬೇಕು. ಅಮೆರಿಕದಲ್ಲಿ ತೆತ್ತವರು ಫಾರಂಗಳ ನೆರೆಹೊರೆಯವರು. ನೆದರ್ಲೆಂಡ್ಸ್‌ನಲ್ಲಿ ಮನೆಗಾಗಿ ಕಾದವರು, ಸರ್ಕಾರದ ಅಂಕಿ ನಂಬಿದ ರೈತರು. ಎರಡೂ ಕಡೆ ಯಾರು ತೆರಬೇಕೆಂಬುದನ್ನು ಮೊದಲೇ ಬಹಿರಂಗವಾಗಿ ಚರ್ಚಿಸಿರಲಿಲ್ಲ.

ನಮ್ಮಲ್ಲಿ ಎರಡು ಮೂರು ಹಸು ಕಟ್ಟಿದ ಮನೆಗೆ ಈ ಚರ್ಚೆ ಅನ್ವಯಿಸದು. (ಅಲ್ಲಿನ ಮೀಥೇನ್ ಬಹುಪಾಲು ಬರುವುದು ಹಸುವಿನ ಬಾಯಿಯಿಂದ, ಕೊಟ್ಟಿಗೆಯ ನೆಲದಿಂದಲ್ಲ.) ಆದರೆ 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 85 ಕೋಟಿ ಕೋಳಿಗಳಿದ್ದವು, ದೊಡ್ಡ ಶೆಡ್ಡುಗಳು ಊರ ಅಂಚಿಗೆ ಬಂದಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿ 5,000ಕ್ಕಿಂತ ಹೆಚ್ಚು ಕೋಳಿಗಳ ಫಾರಂಗಳನ್ನು ಅನುಮತಿಯ ವ್ಯಾಪ್ತಿಗೆ ತಂದಿತು. ವಸತಿ ಪ್ರದೇಶದಿಂದ 500 ಮೀಟರ್ ದೂರ ಇರಬೇಕೆಂದಿತು. ಇದನ್ನು ಒರಟು ನಿಯಮವೆಂದು ಟೀಕಿಸಬಹುದು. ದೂರದಿಂದ ಅಮೋನಿಯಾ ಕಡಿಮೆಯಾಗುವುದಿಲ್ಲ, ಶೆಡ್ಡಿನ ಒಳಗೆ ದುಡಿಯುವವನಿಗೆ ಅದರಿಂದ ಲಾಭವೂ ಇಲ್ಲ. ಆದರೂ ದೂರವನ್ನು ಗ್ರಾಮ ಲೆಕ್ಕಿಗನೂ ಟೇಪು ಹಿಡಿದು ಅಳೆಯಬಲ್ಲ. ಅದಕ್ಕೆ ಇಪ್ಪತ್ತು ವರ್ಷ ಬೇಡ.

ಅದೇ ರೀತಿ ನೋಡಬಹುದಾದ ಇನ್ನೂ ಕೆಲವಿವೆ. ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾದಷ್ಟೂ ಹಿಕ್ಕೆ ಬೇಗ ಅಮೋನಿಯಾ ಆಗುತ್ತದೆ. ಹೊಟ್ಟು ಒಣಗಿದೆಯೇ, ನೀರಿನ ಕೊಳವೆ ಸೋರುತ್ತಿದೆಯೇ, ಗೊಬ್ಬರ ಯಾವ ದಿನ ಹೊರಹೋಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುವಂತೆ ಅನುಮತಿ ಪತ್ರದಲ್ಲೇ ಷರತ್ತು ಹಾಕಬಹುದು. ದೊಡ್ಡ ಫಾರಂಗಳಲ್ಲಿ ಅನಿಲದ ಅಳತೆಯೂ ನಡೆಯಲಿ. ಆದರೆ ಅಧ್ಯಯನಕ್ಕೆ ಆದೇಶಿಸುವ ಅಧಿಕಾರಿ ಎರಡು ಸಾಲು ಹೆಚ್ಚು ಬರೆಯಬೇಕು: ಫಲಿತಾಂಶ ಬರಬೇಕಾದ ದಿನಾಂಕ, ಮತ್ತು ಅಂದು ಬರದಿದ್ದರೆ ತಾನಾಗಿಯೇ ಜಾರಿಗೆ ಬರುವ ನಿಯಮ. ಅಂದು ನಾನು ಬರೆಯದೆ ಬಿಟ್ಟದ್ದು ಆ ಎರಡು ಸಾಲುಗಳನ್ನೇ.